ಮೊಬೈಲ್ ಅಲೆ: ಕೆರೆ ನೀರಿನಂತೆ ಅರಿತು ಬಳಸಿ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ರೈತರಿಗೆ ಮೊಬೈಲ್ ಫೋನು ಇಂದು ಗುದ್ದಲಿ, ಪಂಪ್‌ಸೆಟ್ಟುಗಳಷ್ಟೇ ಅವಶ್ಯವಾದ ಸಾಧನ. ಟೊಮೇಟೊ ಧಾರಣೆ ಕೇಳಲು, ಕೊಳವೆಬಾವಿಯ ಮೋಟಾರು ಹಾಕಲು, ರೋಗ ತಗುಲಿದ ಎಲೆಯ ಚಿತ್ರವನ್ನು ತಜ್ಞರಿಗೆ ಕಳಿಸಲು, ಹಾಲಿನ ಹಣ ಜಮೆಯಾಯಿತೇ ಎಂದು ನೋಡಲು, ಬೆಳೆ ಸಮೀಕ್ಷೆಗೆ ಹೊಲದ ಫೋಟೋ ಏರಿಸಲು, ಎಲ್ಲಕ್ಕೂ ಅದೇ ಬೇಕು. ಆದರೆ ಬೇಕಾದ ಹೊತ್ತಿಗೆ ಸರಿಯಾಗಿ ಅದು ಕೈಕೊಡುವುದೂ ಉಂಟು. ಪರದೆಯ ಮೇಲೆ ಸಿಗ್ನಲ್ಲಿನ ನಾಲ್ಕು ಗೆರೆಗಳೂ ಇರುತ್ತವೆ. ವಿಡಿಯೋ ಮಾತ್ರ ನಿಂತಲ್ಲೇ ಸುತ್ತುತ್ತಿರುತ್ತದೆ. ಬೆಳಗಿನ ಜಾವ ಸರಾಗವಾಗಿ ಓಡಿದ ಚಿತ್ರ ಸಂಜೆ ಏಳಕ್ಕೆ ಓಡುವುದಿಲ್ಲ. ಮನೆಯ ಜಗುಲಿಯಲ್ಲಿ ಕೇಳಿಸುವ ಮಾತು ಮಾವಿನ ತೋಪಿನಲ್ಲಿ ಕಡಿದುಹೋಗುತ್ತದೆ.

ಇದಕ್ಕೆ ಫೋನನ್ನೋ ಕಂಪನಿಯನ್ನೋ ಬೈದು ಸುಮ್ಮನಾಗುವುದು ವಾಡಿಕೆ. ಕಂಪನಿಯ ಕೊರತೆಯೂ ಕೆಲವು ಕಡೆ ಇರಬಹುದು. ಆದರೆ ಮೂಲ ಕಾರಣ ಬೇರೆಯಿದೆ. ಫೋನಿಗೆ ಬೇಕಾದ ಗಾಳಿಯ ಅಲೆ ಮಿತವಾದದ್ದು, ಎಲ್ಲರಿಗೂ ಸೇರಿದ್ದು, ಸರದಿಯ ಮೇಲೆ ಹಂಚಿಕೆಯಾಗುವಂಥದ್ದು. ಈ ಹಂಚಿಕೆಯ ರೀತಿಯನ್ನು ತಿಳಿದವರು ಮಂದ ಸಿಗ್ನಲ್ಲಿನಲ್ಲೂ ತಮ್ಮ ಕೆಲಸ ಸಾಧಿಸಿಕೊಳ್ಳುತ್ತಾರೆ. ತಿಳಿಯದವರು ಸಿಂಪರಣೆಯ ದಿನವನ್ನೋ, ಮಾರಾಟದ ದಿನವನ್ನೋ, ವಿಮೆಯ ಗಡುವನ್ನೋ ಕಳೆದುಕೊಳ್ಳುತ್ತಾರೆ.

ಅಲೆಯೂ ಒಂದು ಕೆರೆ

ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಕೆರೆಯ ನೀರು ಊರಿಗೆಲ್ಲ ಸೇರಿದ್ದು. ತೂಬು ಎತ್ತುವವನು ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾರ ಸರದಿ ಮೊದಲು ಎಂಬುದನ್ನು ಅವನು ನೋಡಿಕೊಳ್ಳುತ್ತಿದ್ದ. ಅಚ್ಚುಕಟ್ಟಿನ ಮೇಲ್ಭಾಗದವರು ಬೇಕಾಬಿಟ್ಟಿ ಹಾಯಿಸಿಕೊಂಡರೆ ಕೊನೆಯ ಗದ್ದೆ ಒಣಗುತ್ತಿತ್ತು. ಮೊಬೈಲ್ ಅಲೆಯ ಕಥೆಯೂ ಇದೇ.

ಗಾಳಿಯಲ್ಲಿ ಮಾತು, ಚಿತ್ರ, ಹಾಡುಗಳನ್ನು ಹೊತ್ತೊಯ್ಯುವ ಅಲೆಗಳಿಗೆ ತರಂಗಾಂತರ ಎನ್ನುತ್ತಾರೆ. ಇದು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. ಸರ್ಕಾರ ಇದನ್ನು ಪಟ್ಟಿಪಟ್ಟಿಯಾಗಿ ಹರಾಜು ಹಾಕಿ ಕಂಪನಿಗಳಿಗೆ ಬಳಕೆಯ ಹಕ್ಕು ಕೊಡುತ್ತದೆ. 5ಜಿ ಸೇವೆಗಾಗಿ 2022ರಲ್ಲಿ ನಡೆದ ಹರಾಜಿನಲ್ಲಿ ಬಂದ ಒಟ್ಟು ಮೊತ್ತ 1,50,173 ಕೋಟಿ ರೂಪಾಯಿ. ಕಣ್ಣಿಗೆ ಕಾಣದ ಅಲೆಗೆ ಇಷ್ಟು ಬೆಲೆ ಬಂದಿರುವುದು ಅದು ಅಗೆದಷ್ಟೂ ಸಿಗುವ ವಸ್ತುವಲ್ಲ ಎಂಬ ಕಾರಣಕ್ಕೆ.

ಎಲ್ಲ ಪಟ್ಟಿಗಳೂ ಒಂದೇ ಗುಣದವಲ್ಲ. 700, 800, 900 ಮೆಗಾಹರ್ಟ್ಸ್ ಸುತ್ತಿನ ಅಲೆಗಳು ದೂರ ಹೋಗುತ್ತವೆ, ಗೋಡೆಯನ್ನೂ ಸ್ವಲ್ಪಮಟ್ಟಿಗೆ ದಾಟುತ್ತವೆ. ಆದರೆ ಈ ಪಟ್ಟಿಗಳ ಅಗಲ ಕಡಿಮೆ. 2300 ಅಥವಾ 3300 ಮೆಗಾಹರ್ಟ್ಸ್ ಅಲೆಗಳ ಪಟ್ಟಿ ಅಗಲವಾದದ್ದು, ಹೆಚ್ಚು ಸರಕು ಹೊರುತ್ತದೆ. ಆದರೆ ದೂರ ಸಾಗದು, ಬಂಡೆ, ಗೋಡೆ, ಗಿಡಮರಗಳಿಗೆ ಬೇಗ ಸೋಲುತ್ತದೆ. ಮೊದಲನೆಯದು ಉದ್ದನೆಯ ಸಣ್ಣ ಕಾಲುವೆ. ಎರಡನೆಯದು ಅಗಲವಾದ ಗಿಡ್ಡ ಕಾಲುವೆ. ಪಟ್ಟಣದಲ್ಲಿ ಜಿಗಿಯುವ 5ಜಿ ಊರಾಚೆಯ ಹೊಲದಲ್ಲಿ ಮಾಯವಾಗುವುದು ಇದರಿಂದಲೇ.

ಗೆರೆ ನಾಲ್ಕಿದ್ದರೂ ಕೆಲಸ ನಡೆಯದೇಕೆ?

ಒಂದು ಟವರಿಗೆ ಸಾಮಾನ್ಯವಾಗಿ ಮೂರು ಮುಖಗಳಿರುತ್ತವೆ. ಒಂದೊಂದು ಮುಖ ಒಂದೊಂದು ದಿಕ್ಕನ್ನು ನೋಡಿಕೊಳ್ಳುತ್ತದೆ. ಆ ದಿಕ್ಕಿನಲ್ಲಿರುವ ಅದೇ ಕಂಪನಿಯ ಫೋನುಗಳೆಲ್ಲ ಆ ಮುಖಕ್ಕಿರುವ ಅಲೆಯನ್ನೇ ಹಂಚಿಕೊಳ್ಳಬೇಕು. ಫೋನಿನ ಮೇಲಿನ ಗೆರೆಗಳು ಟವರಿನ ಅಲೆ ನಿಮಗೆ ಎಷ್ಟು ಗಟ್ಟಿಯಾಗಿ ತಲುಪುತ್ತಿದೆ ಎಂಬುದನ್ನು ಮಾತ್ರ ಹೇಳುತ್ತವೆ. ಎಷ್ಟು ಜನ ಹಂಚಿಕೊಳ್ಳುತ್ತಿದ್ದಾರೆ ಎಂಬುದನ್ನು ಹೇಳುವುದಿಲ್ಲ. ಗದ್ದೆ ತೂಬಿನ ಪಕ್ಕದಲ್ಲೇ ಇರಬಹುದು, ಕೆರೆಯಲ್ಲಿ ನೀರೇ ತಳ ಸೇರಿರಬಹುದು.

ಒಂದು ಲೆಕ್ಕ ನೋಡೋಣ. ಒಂದು ಮುಖವು ಸೆಕೆಂಡಿಗೆ 20 ಮೆಗಾಬಿಟ್ ಕೊಡುತ್ತದೆಂದು ಇಟ್ಟುಕೊಳ್ಳಿ. 720 ಗುಣಮಟ್ಟದ ವಿಡಿಯೋಗೆ ಸುಮಾರು 2 ಮೆಗಾಬಿಟ್ ಬೇಕು. ಹತ್ತು ಜನ ನೋಡಲು ಕುಳಿತರೆ ಕೆರೆ ಬರಿದು. ಹನ್ನೊಂದನೆಯವನು ಬಂದರೆ ಎಲ್ಲರಿಗೂ ತಡೆ. ಅದೇ ವಿಡಿಯೋವನ್ನು 240 ಗುಣಮಟ್ಟದಲ್ಲಿ ನೋಡಿದರೆ ಸುಮಾರು 0.3 ಮೆಗಾಬಿಟ್ ಸಾಕು. 60ಕ್ಕೂ ಹೆಚ್ಚು ಜನ ನೋಡಬಹುದು. ಸಂಜೆ ಏಳರಿಂದ ಹತ್ತರವರೆಗೆ, ಕ್ರಿಕೆಟ್ ಪಂದ್ಯದ ದಿನಗಳಲ್ಲಿ, ಜಾತ್ರೆ ಮತ್ತು ಹಬ್ಬಗಳಲ್ಲಿ ಫೋನು ಮಂದವಾಗುವ ಗುಟ್ಟು ಇಷ್ಟೇ.

ಟವರಿನ ನೀರುಗಂಟಿ

ಈ ಹಂಚಿಕೆಯನ್ನು ಮನುಷ್ಯರು ಮಾಡುವುದಿಲ್ಲ. ಟವರಿನಲ್ಲಿರುವ ಯಂತ್ರವೇ ಮಾಡುತ್ತದೆ. 4ಜಿ ವ್ಯವಸ್ಥೆಯಲ್ಲಿ 10 ಮೆಗಾಹರ್ಟ್ಸ್ ಅಗಲದ ಅಲೆಯನ್ನು 50 ಸಣ್ಣ ಪಾತಿಗಳಾಗಿ ಒಡೆಯಲಾಗುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗಕ್ಕೊಮ್ಮೆ ಯಂತ್ರವು ಯಾವ ಪಾತಿ ಯಾವ ಫೋನಿಗೆ ಎಂದು ತೀರ್ಮಾನಿಸುತ್ತದೆ. ಹಾಗೆ ತೀರ್ಮಾನಿಸುವಾಗ ಅದು ಮುಖ್ಯವಾಗಿ ಮೂರು ಸಂಗತಿಗಳನ್ನು ಗಮನಿಸುತ್ತದೆ.

ಮೊದಲನೆಯದು, ಕೆಲಸದ ಸ್ವರೂಪ. 4ಜಿ ಅಲೆಯ ಮೇಲೇ ಸಾಗುವ ಮಾತಿನ ಕರೆಗೆ ಮೊದಲ ಮರ್ಯಾದೆ. ಮಾತು ತಡವಾದರೆ ಅರ್ಥವೇ ಕೆಡುತ್ತದೆ. ಅಲ್ಲದೆ ಮಾತಿಗೆ ಬೇಕಾದ ಅಲೆ ಬಹಳ ಸ್ವಲ್ಪ. ವಿಡಿಯೋ, ಚಿತ್ರ, ಕಡತಗಳು ಸರದಿಯಲ್ಲಿ ಹಿಂದೆ. ಆದ್ದರಿಂದಲೇ ವಿಡಿಯೋ ನಿಂತುಹೋದ ಹೊತ್ತಿನಲ್ಲೂ ಕರೆ ಹೋಗುವುದುಂಟು.

ಎರಡನೆಯದು, ಇದುವರೆಗೆ ಯಾರಿಗೆ ಎಷ್ಟು ಸಿಕ್ಕಿದೆ ಎಂಬುದು. ತೂಬಿನ ಹತ್ತಿರದವರಿಗೇ ಎಲ್ಲವನ್ನೂ ಕೊಡದೆ ಕೊನೆಯವರಿಗೂ ಆಗಾಗ ಸರದಿ ಬರುವಂತೆ ಯಂತ್ರ ನೋಡಿಕೊಳ್ಳುತ್ತದೆ.

ಮೂರನೆಯದು, ಫೋನು ನಿಂತಿರುವ ಜಾಗ. ಇದು ರೈತರು ಚೆನ್ನಾಗಿ ತಿಳಿಯಬೇಕಾದ ಅಂಶ. ಟವರು ಹತ್ತಿರವಿದ್ದು ಅಡ್ಡಿ ಇಲ್ಲದಿದ್ದರೆ ಒಂದು ಅಲೆಯ ಗುರುತಿನ ಮೇಲೆ 6 ಬಿಟ್ ಮಾಹಿತಿಯನ್ನು ಹೇರಬಹುದು. ದೂರದಲ್ಲೋ ಮರೆಯಲ್ಲೋ ಇದ್ದರೆ ತಪ್ಪಾಗದಿರಲೆಂದು 2 ಬಿಟ್ ಮಾತ್ರ ಹೇರಲಾಗುತ್ತದೆ. ಅಂದರೆ ಅದೇ ಫೋಟೋ ಕಳಿಸಲು ಮರೆಯಲ್ಲಿರುವ ಫೋನಿಗೆ ಮೂರು ಪಟ್ಟು ಅಥವಾ ಅದಕ್ಕೂ ಹೆಚ್ಚು ಅಲೆ ಖರ್ಚಾಗುತ್ತದೆ. ಮಣ್ಣಿನ ಕಾಲುವೆಯಲ್ಲಿ ಇಂಗಿಹೋಗುವ ನೀರಿನಂತೆ ಇದು ನಷ್ಟವೇ. ನೀವು ನಾಲ್ಕು ಹೆಜ್ಜೆ ನಡೆದು ಬಯಲಿಗೋ ಮಾಳಿಗೆಗೋ ಬಂದರೆ ನಿಮ್ಮ ಕೆಲಸವೂ ಬೇಗ ಆಗುತ್ತದೆ, ಊರಿನವರಿಗೂ ಅಲೆ ಉಳಿಯುತ್ತದೆ.

ಇನ್ನೊಂದು ಮಾತು. ಟವರಿನ ಕಂಠ ದೊಡ್ಡದು, ಫೋನಿನ ಕಂಠ ಸಣ್ಣದು. ಟವರು ಹತ್ತಾರು ವ್ಯಾಟ್ ಶಕ್ತಿಯಿಂದ ಅಲೆ ಬಿಡುತ್ತದೆ. 4ಜಿ ಫೋನು ಬಿಡುವುದು ಹೆಚ್ಚೆಂದರೆ 0.2 ವ್ಯಾಟ್. ಹೀಗಾಗಿ ಹೊಲದ ಅಂಚಿನಲ್ಲಿ ವಿಡಿಯೋ ನೋಡಲು ಆಗುತ್ತದೆ, ಅಲ್ಲಿಂದ ಫೋಟೋ ಕಳಿಸಲು ಆಗುವುದಿಲ್ಲ. ಬೆಳೆ ಸಮೀಕ್ಷೆಯ ಫೋಟೋಗಳು ಏರದೆ ಉಳಿಯುವುದಕ್ಕೂ ಇದು ಒಂದು ಕಾರಣ.

ವಿಡಿಯೋ ಎಷ್ಟು ಅಲೆ ತಿನ್ನುತ್ತದೆ?

ಫೋನಿಗೆ ಬರುವ ವಿಡಿಯೋ ಇಡಿಯಾಗಿ ಬರುವುದಿಲ್ಲ. ಅದನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ 144, 240, 360, 480, 720 ಎಂಬ ಹಲವು ಗುಣಮಟ್ಟಗಳಲ್ಲಿ ಸಿದ್ಧಮಾಡಿ ಇಟ್ಟಿರುತ್ತಾರೆ. ಅಲೆ ಧಾರಾಳವಾಗಿದ್ದಾಗ ಫೋನು ದೊಡ್ಡ ತುಂಡನ್ನು ಕೇಳುತ್ತದೆ. ಅಲೆ ಕಡಿಮೆಯಾದಾಗ ಸಣ್ಣ ತುಂಡನ್ನು ಕೇಳುತ್ತದೆ. ನಡುನಡುವೆ ಚಿತ್ರ ಮಸುಕಾಗಿ ಮತ್ತೆ ತಿಳಿಯಾಗುವುದು ಈ ಕಾರಣದಿಂದ. ಬಳಕೆದಾರರೇ ಗುಣಮಟ್ಟವನ್ನು ನಿಗದಿಮಾಡಲೂ ಅವಕಾಶವಿದೆ.

ಒಂದು ಗಂಟೆಯ ವಿಡಿಯೋಗೆ ತಗಲುವ ಡೇಟಾ ಸುಮಾರಾಗಿ ಹೀಗಿದೆ: 240 ಗುಣಮಟ್ಟಕ್ಕೆ 150 ಎಂಬಿ, 480 ಗುಣಮಟ್ಟಕ್ಕೆ 450 ಎಂಬಿ, 720 ಗುಣಮಟ್ಟಕ್ಕೆ 900 ಎಂಬಿ, 1080 ಗುಣಮಟ್ಟಕ್ಕೆ ಒಂದೂವರೆಯಿಂದ ಎರಡು ಜಿಬಿ. ಅಂಗೈಯಗಲದ ಪರದೆಯಲ್ಲಿ ಸವರುವಿಕೆಯನ್ನೋ ಕಸಿ ಕಟ್ಟುವ ಕ್ರಮವನ್ನೋ ನೋಡಲು 360 ಅಥವಾ 480 ಧಾರಾಳವಾಗಿ ಸಾಕು. ಮಾತಷ್ಟೇ ಮುಖ್ಯವಾದ ಉಪನ್ಯಾಸಕ್ಕೆ 144 ಸಾಲುತ್ತದೆ.

ಒಂದೇ ಬಾರಿ ಕಳಿಸಿ, ಎಲ್ಲರಿಗೂ ತಲುಪಿಸುವ ದಾರಿ

ಆಕಾಶವಾಣಿಯ ರೈತರ ಕಾರ್ಯಕ್ರಮವನ್ನು ಒಬ್ಬರು ಕೇಳಿದರೂ ಒಂದು ಲಕ್ಷ ಜನ ಕೇಳಿದರೂ ಖರ್ಚಾಗುವ ಅಲೆ ಅಷ್ಟೇ. ಮೊಬೈಲಿನಲ್ಲಿ ಹಾಗಲ್ಲ. ಒಂದೇ ಊರಿನ ಐವತ್ತು ಜನ ಒಂದೇ ವಿಡಿಯೋ ನೋಡಿದರೆ ಟವರು ಅದನ್ನು ಐವತ್ತು ಸಲ ಕಳಿಸಬೇಕಾಗುತ್ತದೆ. ಈ ವ್ಯತ್ಯಾಸ ನೆನಪಿನಲ್ಲಿರಬೇಕು.

ನಮ್ಮ ರಾಜ್ಯಕ್ಕೆ ಇದರ ಹಳೆಯ ಅನುಭವವಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳನ್ನು ತಲುಪಿಸಲಾಯಿತು. ಅವುಗಳಲ್ಲಿ ನಮ್ಮ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಊರಿಗೊಂದು ಪೆಟ್ಟಿಗೆ, ಊರೆಲ್ಲ ಅದರ ಮುಂದೆ. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಎಲ್ಲವೂ ಒಂದೇ ಅಲೆಯಲ್ಲಿ ಬಂದವು.

ಇನ್ನೂ ಹತ್ತಿರದ ಉದಾಹರಣೆ ಬೂದಿಕೋಟೆ. ಬಂಗಾರಪೇಟೆ ತಾಲ್ಲೂಕಿನ ಈ ಗ್ರಾಮದಲ್ಲಿ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ‘ನಮ್ಮ ಧ್ವನಿ’ ಎಂಬ ಸಮುದಾಯ ಕೇಂದ್ರವನ್ನು ಕಟ್ಟಿದವು. ಆಗ ಹಳ್ಳಿಯ ಸಂಘಗಳಿಗೆ ರೇಡಿಯೋ ಅಲೆ ಬಳಸಲು ಪರವಾನಗಿ ಇರಲಿಲ್ಲ. ಅಲೆ ಇಲ್ಲವೆಂದು ಊರಿನವರು ಕೈಕಟ್ಟಿ ಕೂರಲಿಲ್ಲ. 2003ರಲ್ಲಿ ಕೇಬಲ್ ಟಿವಿಯ ತಂತಿಯ ಮೂಲಕವೇ ಧ್ವನಿ ಕಾರ್ಯಕ್ರಮಗಳು ಮನೆಗಳಿಗೆ ಹೋಗತೊಡಗಿದವು. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ತಾವೇ ಕಾರ್ಯಕ್ರಮ ತಯಾರಿಸಲು ಕಲಿತರು. ಸ್ವಯಂಸೇವಾ ಸಂಸ್ಥೆಗಳೂ ಸಮುದಾಯ ರೇಡಿಯೋ ನಡೆಸಬಹುದೆಂಬ ನೀತಿ ಕೇಂದ್ರ ಸರ್ಕಾರದಿಂದ ಬಂದದ್ದು 2006ರಲ್ಲಿ. ಗಾಳಿಯಲ್ಲಿ ದಾರಿ ಸಿಗದಿದ್ದಾಗ ತಂತಿಯ ದಾರಿ ಹಿಡಿಯಬಹುದು, ಒಮ್ಮೆ ತಯಾರಿಸಿದ್ದನ್ನು ಎಲ್ಲರೂ ಹಂಚಿಕೊಳ್ಳಬಹುದು ಎಂಬ ಬೂದಿಕೋಟೆಯ ಪಾಠ ಇಂದಿನ ಮೊಬೈಲ್ ಬಳಕೆಗೂ ಹೊಂದುತ್ತದೆ.

ಮೊಬೈಲಿಗೂ ರೇಡಿಯೋ ರೀತಿಯಲ್ಲೇ ಒಂದೇ ಬಾರಿಗೆ ಎಲ್ಲರಿಗೂ ವಿಡಿಯೋ ಕಳಿಸುವ ವಿಧಾನದ ಪ್ರಯೋಗಗಳು ಬೆಂಗಳೂರು ಸೇರಿದಂತೆ ಕೆಲವು ನಗರಗಳಲ್ಲಿ ನಡೆದಿವೆ. ಅದು ಹಳ್ಳಿಗೆ ಬರುವ ತನಕ ನಮ್ಮ ಕೈಯಲ್ಲಿರುವ ಉಪಾಯಗಳನ್ನೇ ಬಳಸಬೇಕು.

ನಾಲ್ಕು ತಾಲ್ಲೂಕುಗಳ ವಿಶೇಷ ತೊಡಕುಗಳು

ಕೋಲಾರ: ಇಲ್ಲಿನ ಎಪಿಎಂಸಿ ಪ್ರಾಂಗಣ ದೇಶದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲೊಂದು. ಹಂಗಾಮಿನಲ್ಲಿ ರೈತರು, ಮಂಡಿಯವರು, ಹೊರರಾಜ್ಯದ ವ್ಯಾಪಾರಿಗಳು, ಲಾರಿ ಚಾಲಕರು ಒಂದೇ ಕಡೆ ಸೇರುತ್ತಾರೆ. ಹರಾಜಿನ ಹೊತ್ತಿಗೆ ಅಲೆಯ ಮೇಲೆ ಹೊರೆ ಹೆಚ್ಚು. ಧಾರಣೆಯಂತೂ ದಿನದಿನಕ್ಕೆ ಬದಲಾಗುತ್ತದೆ. 2023ರ ಜುಲೈಯಲ್ಲಿ 15 ಕಿಲೋ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ಸೆಪ್ಟೆಂಬರ್ ವೇಳೆಗೆ ಕುಸಿದುಹೋಗಿತ್ತು. ಇಂಥ ಕಡೆ ಬೆಲೆಯನ್ನು ಒಂದು ಸಾಲಿನ ಸಂದೇಶದಲ್ಲಿ ತರಿಸಿಕೊಳ್ಳಬೇಕೇ ಹೊರತು ಹರಾಜಿನ ವಿಡಿಯೋ ತರಿಸಿಕೊಳ್ಳಬಾರದು. ಸಂದೇಶ ನಿಮಿಷದಲ್ಲಿ ತಲುಪುತ್ತದೆ. ವಿಡಿಯೋ ತಲುಪುವಷ್ಟರಲ್ಲಿ ಹರಾಜೇ ಮುಗಿದಿರುತ್ತದೆ.

ಮಾಲೂರು: ತರಕಾರಿ, ಹೂವು ಬೆಳೆಯುವ ಈ ತಾಲ್ಲೂಕಿನಲ್ಲಿ ತಗಡಿನ ಶೆಡ್ಡುಗಳು ಸಾಕಷ್ಟಿವೆ. ತಗಡು ಅಲೆಯನ್ನು ಒಳಗೆ ಬಿಡುವುದಿಲ್ಲ. ಶೆಡ್ಡಿನೊಳಗೆ ನಿಂತು ಕೂಗುವ ಬದಲು ಬಾಗಿಲಾಚೆ ಬಂದು ಮಾತಾಡುವುದು ಲೇಸು. ಟೇಕಲ್ ಸುತ್ತಿನ ಬಂಡೆಗುಡ್ಡಗಳ ಹಿಂದೆ ಅಲೆಯ ನೆರಳು ಬೀಳುತ್ತದೆ.

ಮುಳಬಾಗಿಲು: ಆಂಧ್ರದ ಗಡಿಯ ಹಳ್ಳಿಗಳಲ್ಲಿ ಫೋನು ಆಚೆ ರಾಜ್ಯದ ಟವರನ್ನು ಹಿಡಿಯುವುದು ಸಾಮಾನ್ಯ. ಎರಡು ಟವರುಗಳ ನಡುವೆ ಅತ್ತಿತ್ತ ಓಲಾಡುವ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ, ಕರೆ ಕಡಿಯುತ್ತದೆ. ಟವರಿನ ಮೂಲಕ ಬರುವ ಮಳೆ, ಸಿಡಿಲಿನ ಎಚ್ಚರಿಕೆಯೂ ಆಚೆಯ ಪ್ರದೇಶದ್ದಾಗಿರಬಹುದು. ಜಿಲ್ಲೆಯ ಹೆಸರನ್ನು ಓದಿಯೇ ಕ್ರಮ ಕೈಗೊಳ್ಳಬೇಕು. ಆವಣಿ ಬೆಟ್ಟದಂಥ ಎತ್ತರದ ಬೆಟ್ಟಗಳ ಮರೆಯಲ್ಲಿರುವ ಹೊಲಗಳಿಗೆ ಒಂದು ದಿಕ್ಕಿನ ಟವರು ಸಿಗದಿದ್ದರೆ ಇನ್ನೊಂದು ದಿಕ್ಕಿನ ಬೇರೆ ಕಂಪನಿಯ ಟವರು ಸಿಗುವ ಸಾಧ್ಯತೆಯಿದೆ.

ಶ್ರೀನಿವಾಸಪುರ: ಮಾವಿನ ನಾಡು. ದಟ್ಟವಾದ ತೋಪಿನ ಎಲೆಗಳು ಅಲೆಯನ್ನು ಹೀರುತ್ತವೆ; ಮಳೆ ಬಿದ್ದು ಎಲೆ ಒದ್ದೆಯಾದಾಗ ಇನ್ನೂ ಹೆಚ್ಚು. ಹೂ ಬಿಡುವ ಕಾಲದಲ್ಲಿ ಜಿಗಿಹುಳು, ಬೂದಿರೋಗದ ಚಿತ್ರ ಕಳಿಸಬೇಕಾದವರು ಮರದ ಬುಡದಲ್ಲಿ ಚಿತ್ರ ತೆಗೆದು, ತೋಪಿನ ಅಂಚಿನ ಬಯಲಿಗೆ ಬಂದು ಕಳಿಸುವುದು ಉತ್ತಮ.

ರೋಗದ ಚಿತ್ರ ಕಳಿಸುವ ಕ್ರಮ

ಮೋಡ ಮುಸುಕಿ ಸೋನೆ ಹಿಡಿದ ತಂಪು ದಿನಗಳಲ್ಲಿ ಟೊಮೇಟೊ ಅಂಗಮಾರಿ ಹರಡುವ ವೇಗ ಎಲ್ಲ ಬೆಳೆಗಾರರಿಗೂ ಗೊತ್ತು. ಎರಡು ದಿನ ತಡವಾದರೆ ತೋಟ ಕೈಬಿಟ್ಟಂತೆಯೇ. ಇಂಥ ಹೊತ್ತಿನಲ್ಲಿ ಗಿಡದ ವಿಡಿಯೋ ತೆಗೆದು ಕಳಿಸುವ ಅಭ್ಯಾಸ ಹೆಚ್ಚುತ್ತಿದೆ. ಪೂರ್ಣ ಗುಣಮಟ್ಟದ ಒಂದು ನಿಮಿಷದ ವಿಡಿಯೋ ಸುಮಾರು 100 ಎಂಬಿ ಆಗುತ್ತದೆ. ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸಿದರೂ ಹಲವು ಎಂಬಿ ಉಳಿಯುತ್ತದೆ, ಮೇಲಾಗಿ ಮಚ್ಚೆಯ ಅಂಚು ಮಸುಕಾಗಿ ರೋಗ ಗುರುತಿಸಲು ಬಾರದು.

ಅದರ ಬದಲು ಹೀಗೆ ಮಾಡಿ. ಇಡೀ ಗಿಡದ ಒಂದು ಫೋಟೋ, ಎಲೆಯ ಮೇಲ್ಭಾಗದ ಒಂದು, ಎಲೆಯ ತಳಭಾಗದ ಒಂದು, ಹೀಗೆ ಮೂರು ಫೋಟೋ ತೆಗೆಯಿರಿ. ಸೂರ್ಯ ನಿಮ್ಮ ಬೆನ್ನಿಗಿರಲಿ, ಕೈ ಅಲುಗದಿರಲಿ. ಜೊತೆಗೆ ಅರ್ಧ ನಿಮಿಷದ ಧ್ವನಿ ಸಂದೇಶದಲ್ಲಿ ತಳಿ, ನಾಟಿ ಮಾಡಿದ ದಿನ, ಹಿಂದೆ ಸಿಂಪಡಿಸಿದ ಔಷಧಿ, ಎಷ್ಟು ಗಿಡಕ್ಕೆ ರೋಗ ತಗುಲಿದೆ ಎಂಬುದನ್ನು ತಿಳಿಸಿ. ಎಲ್ಲ ಸೇರಿ ಒಂದು ಎಂಬಿ ಆಸುಪಾಸಿನಲ್ಲಿ ಮುಗಿಯುತ್ತದೆ. ತಜ್ಞರಿಗೆ ಬೇಕಾದದ್ದೂ ಇಷ್ಟೇ. ತಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ, ಮಾವಿಗೆ ಸಂಬಂಧಿಸಿದಂತೆ ಹೊಗಳಗೆರೆಯ ಕೇಂದ್ರಕ್ಕಾಗಲಿ ಹೀಗೆ ಕಳಿಸಿದ ವಿವರ ಬೇಗ ಉತ್ತರ ತರುತ್ತದೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ಹಗುರವಾದದ್ದನ್ನು ಮೊದಲು ಕಳಿಸಿ. ಎಸ್‌ಎಂಎಸ್‌ಗೆ ಇಂಟರ್‌ನೆಟ್ ಬೇಡ. ಮಂದ ಸಿಗ್ನಲ್ಲಿನಲ್ಲೂ ಹೋಗುತ್ತದೆ. ಒಂದು ಎಸ್‌ಎಂಎಸ್‌ನಲ್ಲಿ ಕನ್ನಡದ 70 ಅಕ್ಷರ ಸಂಕೇತಗಳು ಹಿಡಿಸುತ್ತವೆ. ಧ್ವನಿ ಸಂದೇಶ ಅದಕ್ಕಿಂತ ಭಾರ, ಫೋಟೋ ಇನ್ನೂ ಭಾರ, ವಿಡಿಯೋ ಎಲ್ಲಕ್ಕಿಂತ ಭಾರ.

2. ಭಾರವಾದದ್ದನ್ನು ಬಿಡುವಿನ ಹೊತ್ತಿಗೆ ಇಡಿ. ಕೃಷಿ ವಿಡಿಯೋಗಳನ್ನು ಬೆಳಗಿನ ಜಾವ, ಹಾಲು ಹಾಕುವ ವೇಳೆಗೆ ಮುಂಚೆ ಇಳಿಸಿಟ್ಟುಕೊಂಡರೆ ಸಂಜೆ ಅಲೆಯಿಲ್ಲದೆಯೂ ನೋಡಬಹುದು.

3. ವಿಡಿಯೋದ ಗುಣಮಟ್ಟವನ್ನು ನೀವೇ 360 ಅಥವಾ 480ಕ್ಕೆ ನಿಗದಿ ಮಾಡಿ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರುವ ವಿಡಿಯೋ ತಾನಾಗಿಯೇ ಇಳಿಯದಂತೆ ನಿಲ್ಲಿಸಿ. ಆ್ಯಪ್‌ಗಳು ತಾವಾಗಿ ಹೊಸದಾಗಿಕೊಳ್ಳುವುದನ್ನು ವೈ-ಫೈ ಇದ್ದಾಗ ಮಾತ್ರ ಎಂದು ಬದಲಿಸಿ.

4. ಒಬ್ಬರು ಇಳಿಸಿದ್ದನ್ನು ಹತ್ತು ಜನ ಹಂಚಿಕೊಳ್ಳಿ. ಫೋನಿನಿಂದ ಫೋನಿಗೆ ಬ್ಲೂಟೂತ್ ಅಥವಾ ಹತ್ತಿರದ ಹಂಚಿಕೆಯ ಮೂಲಕ ಕೊಟ್ಟರೆ ಟವರಿನ ಅಲೆ ಖರ್ಚಾಗುವುದಿಲ್ಲ. ಹಾಲಿನ ಡೇರಿಯಲ್ಲೋ ಸಂಘದ ಸಭೆಯಲ್ಲೋ ಒಂದೇ ಪರದೆಯಲ್ಲಿ ಎಲ್ಲರೂ ನೋಡಿ ಚರ್ಚಿಸುವುದು ಇನ್ನೂ ಒಳ್ಳೆಯದು.

5. ತಂತಿ ಇರುವ ಕಡೆ ತಂತಿಯನ್ನೇ ಬಳಸಿ. ಗ್ರಾಮ ಪಂಚಾಯಿತಿಗಳಿಗೆ ಬೆಳಕಿನ ತಂತಿ ಎಳೆಯುವ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಈಗ ಅದರ ಹೆಸರು ಭಾರತ್‌ನೆಟ್. ಪಂಚಾಯಿತಿ ಕಚೇರಿಯಲ್ಲಿ ಅಥವಾ ಅರಿವು ಕೇಂದ್ರದಲ್ಲಿ ಸಂಪರ್ಕ ಚಾಲ್ತಿಯಲ್ಲಿದ್ದರೆ ದೊಡ್ಡ ಕಡತಗಳನ್ನು ಅಲ್ಲಿಯೇ ಇಳಿಸಿಕೊಳ್ಳಿ.

6. ಬೆಳೆ ಸಮೀಕ್ಷೆಯ ಮಾಹಿತಿಯನ್ನು ಹೊಲದಲ್ಲಿ ದಾಖಲಿಸಿ, ಸಿಗ್ನಲ್ ಚೆನ್ನಾಗಿರುವ ಜಾಗಕ್ಕೆ ಬಂದು ಏರಿಸಿ. ಕೊನೆಯ ದಿನದವರೆಗೆ ಕಾಯಬೇಡಿ. ಅಂದು ಎಲ್ಲರೂ ತೂಬಿನ ಬಳಿ ಸೇರಿರುತ್ತಾರೆ.

7. ಸಿಮ್ ಕೊಳ್ಳುವ ಮುನ್ನ ಮನೆ, ಕೊಳವೆಬಾವಿ, ಮಾರುಕಟ್ಟೆ ಈ ಮೂರು ಕಡೆ ಯಾವ ಕಂಪನಿ ಸಿಗುತ್ತದೆಂದು ನೆರೆಯವರ ಫೋನಿನಿಂದ ಪರೀಕ್ಷಿಸಿ. ಎರಡು ಸಿಮ್ ಇಡುವವರು ಬೇರೆ ಬೇರೆ ಕಂಪನಿಗಳದ್ದನ್ನು ಇಡುವುದು ಹಿತ. ತಮ್ಮ ಸೇವಾ ವ್ಯಾಪ್ತಿಯ ನಕ್ಷೆಯನ್ನು ಕಂಪನಿಗಳು ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ನಿಯಮ ಮಾಡಿದೆ, ಅದನ್ನೂ ನೋಡಬಹುದು.

8. ಇಂಟರ್‌ನೆಟ್ ಇಲ್ಲದೆಯೂ ಬ್ಯಾಂಕಿನ ಶಿಲ್ಕು ತಿಳಿಯಲು, ಹಣ ಕಳಿಸಲು *99# ಸೇವೆ ಇದೆ. ಮಂಡಿಯಲ್ಲಿ ಡೇಟಾ ನಿಂತಾಗ ಇದು ಉಪಯೋಗಕ್ಕೆ ಬರುತ್ತದೆ.

ಮೋಟಾರು ಸ್ಟಾರ್ಟರ್ ಇರುವವರ ಗಮನಕ್ಕೆ

ಮನೆಯಿಂದಲೇ ಕೊಳವೆಬಾವಿಯ ಮೋಟಾರು ನಡೆಸುವ ಮೊಬೈಲ್ ಸ್ಟಾರ್ಟರು ರಾತ್ರಿ ವಿದ್ಯುತ್ತಿನ ನಮ್ಮ ಭಾಗದಲ್ಲಿ ದೊಡ್ಡ ಅನುಕೂಲ. ಹಾವು ಚೇಳಿನ ಭಯದಲ್ಲಿ ನಡುರಾತ್ರಿ ಬಾವಿಗೆ ಹೋಗುವುದು ತಪ್ಪುತ್ತದೆ. ಇದಕ್ಕೆ ಬೇಕಾದ ಅಲೆ ಅತ್ಯಲ್ಪ. ಹಾಗಿದ್ದೂ ಕೆಲವು ಎಚ್ಚರಿಕೆ ಬೇಕು.

ಅನೇಕ ಸ್ಟಾರ್ಟರುಗಳು 2ಜಿ ಅಲೆಯಲ್ಲಿ ಕೆಲಸ ಮಾಡುತ್ತವೆ. ಜಿಯೋ ಕಂಪನಿಗೆ 2ಜಿ ಸೇವೆ ಇಲ್ಲವಾದ್ದರಿಂದ ಅದರ ಸಿಮ್ ಇವುಗಳಿಗೆ ಹೊಂದುವುದಿಲ್ಲ. ಹೊಸದಾಗಿ ಕೊಳ್ಳುವವರು 4ಜಿ ಸ್ಟಾರ್ಟರನ್ನೇ ಕೇಳುವುದು ಮುಂದಾಲೋಚನೆ. ಕಬ್ಬಿಣದ ಪೆಟ್ಟಿಗೆಯೊಳಗೆ ಆಂಟೆನಾ ಇದ್ದರೆ ಅಲೆ ಸಿಗದು. ಅದನ್ನು ಪೆಟ್ಟಿಗೆಯ ಹೊರಗೆ, ಮೇಲ್ಮುಖವಾಗಿ ನಿಲ್ಲಿಸಬೇಕು. ಸಿಮ್ಮಿನ ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಆದೇಶ ಕಳಿಸಿದ ಮೇಲೆ ಮೋಟಾರು ಓಡಿತೆಂದು ಸ್ಟಾರ್ಟರಿನಿಂದ ಮರುಸಂದೇಶ ಬಂದರೆ ಮಾತ್ರ ನಂಬಿ.

ಅಲ್ಪ ಅಲೆಯಲ್ಲಿ ದೊಡ್ಡ ಕೆಲಸ ಆಗುತ್ತದೆ ಎಂಬುದಕ್ಕೆ ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ನಿಲ್ಲಿಸಿರುವ ಮಳೆಮಾಪಕಗಳೂ ಸಾಕ್ಷಿ. ಅವು ಮೊಬೈಲ್ ಅಲೆಯ ಮೂಲಕ ಕೆಲವೇ ಅಂಕಿಗಳನ್ನು ಕಳಿಸುತ್ತವೆ. ಬರದ ತೀರ್ಮಾನಕ್ಕೆ ಆ ಅಂಕಿಗಳೂ ಆಧಾರವಾಗುತ್ತವೆ.

ತುರ್ತು ಹೊತ್ತಿನಲ್ಲಿ ಕರೆಯೇ ಮೇಲು

ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮಾಡಿಸಿದ ಬೆಳೆಗೆ ಆಲಿಕಲ್ಲು, ಮೇಘಸ್ಫೋಟ, ಜಲಾವೃತದಂಥ ಸ್ಥಳೀಯ ವಿಕೋಪದಿಂದ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಬಿರುಗಾಳಿ ಮಳೆಯ ಮರುದಿನ ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಇಳಿದಿರಬಹುದು, ಆ್ಯಪ್ ತೆರೆಯದಿರಬಹುದು. ಆ್ಯಪಿಗಾಗಿ ಕಾಯುತ್ತ ಗಡುವು ಕಳೆದುಕೊಳ್ಳಬೇಡಿ. ಮಾತಿನ ಕರೆಗೆ ಅಲೆಯಲ್ಲಿ ಮೊದಲ ಸರದಿ ಎಂಬುದನ್ನು ನೆನೆದು 14447 ಸಹಾಯವಾಣಿಗೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕರೆಯೂ ಹೋಗದಿದ್ದರೆ ರೈತ ಸಂಪರ್ಕ ಕೇಂದ್ರಕ್ಕೋ ಬ್ಯಾಂಕಿಗೋ ನೇರವಾಗಿ ಹೋಗಿ ಬರಹದಲ್ಲಿ ಕೊಡಿ. ಹಾನಿಯ ಫೋಟೋಗಳನ್ನು ಅಂದೇ ತೆಗೆದು ಫೋನಿನಲ್ಲಿ ಇಟ್ಟಿರಿ. ಅಲೆ ಬಂದಾಗ ಕಳಿಸಬಹುದು.

ಬೇಸಾಯದ ಸಲಹೆಗೆ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. 2004ರಿಂದ ಈ ಸೇವೆ ನಡೆದಿದೆ, ಕನ್ನಡದಲ್ಲೇ ಉತ್ತರ ಸಿಗುತ್ತದೆ. ಮುಂಗಾರಿಗೆ ಮುಂಚಿನ ದಿನಗಳಲ್ಲಿ ದನ ಮೇಯಿಸುವವರು, ಹೊಲದಲ್ಲಿ ಕೆಲಸ ಮಾಡುವವರು ಸಿಡಿಲಿನ ಎಚ್ಚರಿಕೆ ನೀಡುವ ದಾಮಿನಿ ಆ್ಯಪನ್ನು ಇಟ್ಟುಕೊಳ್ಳುವುದು ಅವಶ್ಯ. ಅದಕ್ಕೆ ತಗಲುವ ಡೇಟಾ ಒಂದು ಹಾಡಿನ ವಿಡಿಯೋಗಿಂತ ಬಹಳ ಕಡಿಮೆ; ಉಳಿಸುವುದು ಜೀವ.

ಇದನ್ನು ಮಾಡಬೇಡಿ

ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಎಂಬ ಪೆಟ್ಟಿಗೆಗಳು ಅಲ್ಲಲ್ಲಿ ಮಾರಾಟವಾಗುತ್ತಿವೆ. ಅನುಮತಿಯಿಲ್ಲದೆ ಇವನ್ನು ಹಾಕುವುದು ಕಾನೂನಿಗೆ ವಿರುದ್ಧ. ಇವು ಒಂದು ಮನೆಗೆ ಗೆರೆ ಹೆಚ್ಚಿಸಿ, ಟವರಿನ ಕಿವಿಗೆ ಗದ್ದಲ ತುಂಬಿ, ಸುತ್ತಲಿನ ಎಲ್ಲರ ಕರೆಗಳನ್ನು ಕೆಡಿಸುತ್ತವೆ. ರಾತ್ರೋರಾತ್ರಿ ಕೆರೆಯ ಏರಿಗೆ ಕನ್ನ ಹಾಕಿ ತನ್ನ ಗದ್ದೆಗೆ ನೀರು ತಿರುಗಿಸಿಕೊಂಡಂತೆಯೇ ಇದು. ಮನೆಯೊಳಗೆ ಸಿಗ್ನಲ್ ಬಾರದಿದ್ದರೆ ಸಿಮ್ ಹಾಕುವ 4ಜಿ ರೌಟರನ್ನು ಮಾಳಿಗೆಯ ಕಿಟಕಿಯ ಬಳಿ ಇಟ್ಟು, ಅಲ್ಲಿಂದ ವೈ-ಫೈ ಪಡೆಯುವುದು ಸರಿಯಾದ ಮಾರ್ಗ.

ಸೇವೆ ನಿಜವಾಗಿಯೂ ಕೆಟ್ಟಿದ್ದರೆ ಮೊದಲು 198ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಬೇಕು. ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಹೋಗಬೇಕು. ದೂರಿನಲ್ಲಿ ಊರು, ಹೊಲದ ದಿಕ್ಕು, ಹೊತ್ತು, ಕರೆಗೆ ತೊಂದರೆಯೋ ಡೇಟಾಗೆ ತೊಂದರೆಯೋ ಎಂಬುದನ್ನು ನಮೂದಿಸಿ. ಊರಿನ ಹಲವರು ಒಂದೇ ವಾರದಲ್ಲಿ ದೂರು ಕೊಟ್ಟು, ಗ್ರಾಮಸಭೆಯಲ್ಲೂ ವಿಷಯ ಎತ್ತಿದರೆ ಒಬ್ಬಂಟಿ ದೂರಿಗಿಂತ ಹೆಚ್ಚು ತೂಕ ಬರುತ್ತದೆ.

ಕೆರೆ ತುಂಬಿದ ವರ್ಷದಲ್ಲೂ ಸರದಿ ಬಿಡದ ಊರುಗಳು ಬರಗಾಲದಲ್ಲೂ ಒಂದಿಷ್ಟು ಬೆಳೆ ತೆಗೆದಿವೆ. ಅಲೆಯ ವಿಷಯದಲ್ಲೂ ಅದೇ ಶಿಸ್ತು ಬೇಕು. ಸಂಜೆ ಒಬ್ಬರು ವಿಡಿಯೋದ ಗುಣಮಟ್ಟ ಇಳಿಸಿದರೆ ಅದೇ ಟವರಿನ ಅಂಚಿನಲ್ಲಿರುವ ಇನ್ನೊಬ್ಬರ ರೋಗದ ಫೋಟೋ ಅಂದೇ ತಜ್ಞರಿಗೆ ಮುಟ್ಟೀತು. ಫೋನಿನಲ್ಲಿ ಈ ಬದಲಾವಣೆಗಳನ್ನು ಮಾಡಿಕೊಳ್ಳಲು ತಿಳಿಯದವರು ಮನೆಯ ಓದುವ ಮಕ್ಕಳ ನೆರವು ಪಡೆಯಬಹುದು. ಬೆಳೆಗೆ ಸಂಬಂಧಿಸಿದ ಹೆಚ್ಚಿನ ವಿವರಗಳಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಕಾಣಬಹುದು.